ರಕ್ತ ಬರೆದಿಟ್ಟ ತಾರೀಖು

ತಲೆಯೊಳಗೆ ಸೋರಿದ ರಕ್ತ ತನ್ನ ತಾರೀಖನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ!

ಇದನ್ನು ನಾನು ಮೊದಲು ಕೇಳಿದ್ದು ಮೈಸೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನ ಒಳಕೋಣೆಯಲ್ಲಿ. ಆ ಗಳಿಗೆಯ ಬೆರಗು ಈವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ದೊಡ್ಡಮ್ಮನಿಗೆ ಆಗ 71 ವರ್ಷ. ಒಂದು ಬೆಳಿಗ್ಗೆ ಒಲೆಯ ಮುಂದೆ ಡಿಕಾಕ್ಷನ್ ಇಳಿಯುವುದನ್ನೇ ಕಾಯುತ್ತ ನಿಂತವರು ಗೋಡೆಗೆ ಒರಗಿ ಹಾಗೇ ಕುಸಿದರು. ಬಲಗೈ ಏಳಲಿಲ್ಲ. ಬಾಯಿಂದ ಹೊರಟದ್ದು ಮಾತಾಗಲಿಲ್ಲ. ಓಡಿ ಬಂದ ಅಕ್ಕಪಕ್ಕದವರೆಲ್ಲ ಒಂದೇ ಮಾತು ಹೇಳಿದರು: ಲಕ್ವ ಹೊಡೆದಿದೆ. ಆಸ್ಪತ್ರೆಗೆ ಒಯ್ದ ಅರ್ಧ ಗಂಟೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದಲ್ಲಿ, ಹೊರಮೈಗೆ ಹತ್ತಿರದಲ್ಲಿ, ನಿಂಬೆಹಣ್ಣಿನಷ್ಟು ಬಿಳಿ ಮಚ್ಚೆ. ಬ್ಲೀಡಿಂಗ್. ವಯಸ್ಸಾಗಿದೆ, ಬಿ.ಪಿ. ಮಾತ್ರೆ ನಡೆಯುತ್ತಿದೆ, ಇನ್ನೇನು ಕಾರಣ ಬೇಕು? ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆದರೆ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಡಾಕ್ಟರು ಒಂದು ಸಾಲು ಬರೆದಿದ್ದರು: ಆರು ವಾರ ಕಳೆದ ಮೇಲೆ ಎಂಆರ್‌ಐ ಮಾಡಿಸಿ. ಕೈ ಏಳುತ್ತಿದೆ, ನಾಲ್ಕು ಮಾತು ಬರುತ್ತಿದೆ, ಮತ್ತೆ ಯಾಕೆ ಸ್ಕ್ಯಾನಿಂಗು ಎಂದು ಮನೆಯಲ್ಲಿ ಚರ್ಚೆಯಾಯಿತು. ದುಡ್ಡಿನ ಮಾತೂ ಬಂತು. ಹೇಗೋ ಏಳನೆಯ ವಾರ ಹೋದೆವು.

ಫಿಲಂ ನೋಡುತ್ತಿದ್ದ ಡಾಕ್ಟರು ನನ್ನನ್ನು ಹತ್ತಿರ ಕರೆದರು. "ಇಲ್ಲಿ ನೋಡಿ, ಈ ಕಪ್ಪು ಅಂಚು ಇದೆಯಲ್ಲ, ಇದು ಅಮ್ಮ ಬಿದ್ದ ದಿನದ ರಕ್ತ. ಇದರ ಪಕ್ಕದ್ದು ಸುಮಾರು ಎರಡು ವಾರದ್ದು. ಈ ಮೂಲೆಯದು ಮೊನ್ನೆ ಮೊನ್ನೆಯದು. ಬಿ.ಪಿ.ಯಿಂದ ಆಗೋ ಬ್ಲೀಡಿಂಗ್‌ಗೆ ಸಾಮಾನ್ಯವಾಗಿ ಒಂದೇ ತಾರೀಖು. ಇಲ್ಲಿ ಮೂರಿದೆ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು: "ರಕ್ತದ ಹಿಂದೆ ಯಾರೋ ಕೂತಿದ್ದಾರೆ."

ಗಡ್ಡೆ. ಆ ಪದ ಬಂದಾಗ ಎದೆ ಧಸಕ್ಕೆಂದಿತು, ನಿಜ. ಆದರೆ ಅದರ ಜೊತೆಗೇ ಇನ್ನೊಂದು ಪ್ರಶ್ನೆ ಎದ್ದು ನಿಂತಿತು. ತಲೆಬುರುಡೆ ತೆರೆದಿಲ್ಲ, ಒಂದು ಸೂಜಿಯೂ ಒಳಗೆ ಹೋಗಿಲ್ಲ. ಹೊರಗೆ ಕೂತ ಮನುಷ್ಯ, ಒಳಗೆ ಹೆಪ್ಪುಗಟ್ಟಿದ ರಕ್ತ ಯಾವ ವಾರದ್ದು ಎಂದು ಪಂಚಾಂಗ ಓದಿದ ಹಾಗೆ ಓದುತ್ತಾನಲ್ಲ, ಹೇಗೆ?

ಉತ್ತರ ಒಂದೇ ಪದದಲ್ಲಿದೆ. ತುಕ್ಕು!

ಹೌದು, ಬಾವಿಯ ರಾಟೆಗೆ, ಗೇಟಿನ ಕೀಲಿಗೆ ಹಿಡಿಯುವ ಅದೇ ತುಕ್ಕು. ನಮ್ಮ ರಕ್ತವನ್ನು ಕೆಂಪಾಗಿಸುವ ಹಿಮೋಗ್ಲೋಬಿನ್ನಿನ ನಡುವೆ ಕಬ್ಬಿಣದ ಪರಮಾಣುಗಳು ಕೂತಿವೆ. ಆ ಕಬ್ಬಿಣ ಆಮ್ಲಜನಕವನ್ನು ಹೊತ್ತಿರುವಾಗ ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ಅದರ ಎಲೆಕ್ಟ್ರಾನುಗಳೆಲ್ಲ ಜೋಡಿಜೋಡಿಯಾಗಿರುತ್ತವೆ. ರಕ್ತ ನಾಳದಿಂದ ಹೊರಗೆ ಸೋರಿ ನಿಂತಿತೆನ್ನಿ. ಒಂದೆರಡು ದಿನದಲ್ಲಿ ಆಮ್ಲಜನಕ ಕಳಚಿಕೊಳ್ಳುತ್ತದೆ, ಪ್ರತಿ ಕಬ್ಬಿಣದಲ್ಲೂ ನಾಲ್ಕು ಎಲೆಕ್ಟ್ರಾನುಗಳು ಒಂಟಿಯಾಗುತ್ತವೆ, ಅದೇ ರಕ್ತ ಈಗ ಪುಟ್ಟ ಅಯಸ್ಕಾಂತ! ಇನ್ನೂ ಕೆಲವು ದಿನ ಕಳೆದರೆ ಕಬ್ಬಿಣ ತುಕ್ಕಿನ ಸ್ಥಿತಿಗೆ ಇಳಿಯುತ್ತದೆ, ಒಂಟಿಗಳು ಐದಾಗುತ್ತವೆ. ಕೊನೆಗೆ ಮೆದುಳಿನ ಕಸ ಗುಡಿಸುವ ಕೋಶಗಳು ಬಂದು ಆ ಕಬ್ಬಿಣವನ್ನು ನುಂಗಿ ಗಾಯದ ಸುತ್ತ ಕಂದು ಉಂಗುರವಾಗಿ ಕೂರುತ್ತವೆ. ಆ ಉಂಗುರ ವರ್ಷಗಟ್ಟಲೆ ಅಳಿಯುವುದಿಲ್ಲ.

ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತ ತಾನೆ? ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಅದರ ಎದುರಿಗೆ ರಕ್ತದ ಕಬ್ಬಿಣ ಗುಟ್ಟು ಮುಚ್ಚಿಡಲಾರದು. ಮೊದಲ ಗಂಟೆಗಳ ರಕ್ತ ಒಂದು ಬಗೆಯ ಚಿತ್ರದಲ್ಲಿ ಬೆಳ್ಳಗೆ, ಎರಡು ಮೂರನೆಯ ದಿನದ್ದು ಅದೇ ಚಿತ್ರದಲ್ಲಿ ಕಪ್ಪು. ವಾರ ತುಂಬುವ ಹೊತ್ತಿಗೆ ಇನ್ನೊಂದು ಬಗೆಯ ಚಿತ್ರದಲ್ಲಿ ಹಾಲಿನಂತೆ ಹೊಳೆಯತೊಡಗುತ್ತದೆ. ಎರಡು ಮೂರು ವಾರಕ್ಕೆ ಎರಡರಲ್ಲೂ ಬೆಳ್ಳಗಾಗುತ್ತದೆ. ಆಮೇಲೆ ಸುತ್ತ ಆ ಕಪ್ಪು ಉಂಗುರ. 1985ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಗೊಮೊರಿ, ಗ್ರಾಸ್‌ಮನ್ ಮತ್ತು ಸಂಗಡಿಗರು ಈ ಬಣ್ಣದ ಲೆಕ್ಕವನ್ನು ಬಿಡಿಸಿಟ್ಟರು. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1845ರಲ್ಲಿ ಮೈಕಲ್ ಫ್ಯಾರಡೆ ಒಣಗಿದ ರಕ್ತವನ್ನು ಅಯಸ್ಕಾಂತಕ್ಕೆ ಹಿಡಿದು ನೋಡಿದ್ದ, ಅದು ಸೆಳೆಯಲಿಲ್ಲ; ಹೊಸ ರಕ್ತದಲ್ಲೂ ನೋಡಬೇಕೆಂದು ಬರೆದಿಟ್ಟುಕೊಂಡಿದ್ದ. ಸಿರೆಯ ರಕ್ತಕ್ಕೂ ಧಮನಿಯ ರಕ್ತಕ್ಕೂ ಕಾಂತಗುಣವೇ ಬೇರೆ ಎಂದು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಪ್ರಕಟಿಸಿದ್ದು 1936ರಲ್ಲಿ. ತೊಂಬತ್ತೊಂದು ವರ್ಷಗಳ ಕಾಯುವಿಕೆ! ಇದನ್ನೆಲ್ಲ ಓದುತ್ತ ಕೂತಾಗ, ದೊಡ್ಡಮ್ಮನ ಫಿಲಮ್ಮಿನ ಆ ಒಂದು ಕಪ್ಪು ಗೆರೆ ನನಗೆ ಶಾಸನದ ಸಾಲಿನಂತೆ ಕಂಡಿತು.

ಈಗ ಗಡ್ಡೆಯ ವಿಷಯಕ್ಕೆ ಬರೋಣ. ಗಡ್ಡೆಯೊಳಗೆ ರಕ್ತ ಸೋರಿದರೆ ಈ ಪಂಚಾಂಗ ಕೆಡುತ್ತದೆ. ಗಡ್ಡೆಯ ಒಡಲಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ತುಕ್ಕು ಹಿಡಿಯುವುದು ತಡ. ಸೋರುವುದು ಒಂದೇ ಸಲವಲ್ಲ, ಇಂದಿಷ್ಟು, ಇನ್ನೊಂದು ವಾರಕ್ಕಷ್ಟು, ಹಾಗಾಗಿ ಹಳೆಯದು ಹೊಸದು ಬೆರೆಯುತ್ತದೆ. ರಕ್ತಕ್ಕೂ ಮೆದುಳಿಗೂ ನಡುವಿನ ಕಟ್ಟೆ ಒಡೆದಿರುವುದರಿಂದ ಕಬ್ಬಿಣ ನುಂಗಿದ ಕೋಶಗಳು ನಿಂತಲ್ಲಿ ನಿಲ್ಲುವುದಿಲ್ಲ, ಉಂಗುರ ಪೂರ್ತಿಯಾಗುವುದೇ ಇಲ್ಲ. ಅರ್ಧ ಬಳೆಯಂತೆ ಉಳಿಯುತ್ತದೆ. ದೊಡ್ಡಮ್ಮನದೂ ಅರ್ಧ ಬಳೆಯೇ.

ಆದರೆ ಗಡ್ಡೆ ಸೋರುವುದಾದರೂ ಯಾಕೆ? ಇದನ್ನು ಹುಡುಕುತ್ತ ಹೊರಟವನಿಗೆ ಒಂದು ಇಸವಿ ಎದುರಾಯಿತು. ಆಮೇಲೆ ಎಲ್ಲಿ ಅಗೆದರೂ ಅದೇ ಇಸವಿ. ನಾನು ಮೊದಲು ಕಾಕತಾಳೀಯವೆಂದುಕೊಂಡೆ, ಆಮೇಲೆ ಬೆವರಿದೆ. 1971!

1971ರ ನವೆಂಬರಿನಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್ಮನ್ ಒಂದು ಲೇಖನ ಬರೆದರು. ಗಡ್ಡೆ ಒಂದೆರಡು ಮಿಲಿಮೀಟರು ದಾಟಿ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಆ ರಕ್ತಕ್ಕಾಗಿ ಅದು ಸುತ್ತಲಿನ ನಾಳಗಳನ್ನು ಕರೆದು ತನ್ನ ಕಡೆಗೆ ಕವಲೊಡೆಸಿಕೊಳ್ಳುತ್ತದೆ ಎಂದರು. ಆಗ ನಂಬಿದವರು ಕಡಿಮೆ. ಮುಂದೆ ಹಾಗೆ ಕರೆಯುವ ಪ್ರೋಟೀನೇ ಸಿಕ್ಕಿತು, ಅದರ ಹೆಸರು ವಿಇಜಿಎಫ್. ಹೀಗೆ ಅವಸರದಲ್ಲಿ ಕಟ್ಟಿಸಿಕೊಂಡ ನಾಳಗಳ ಗೋಡೆ ತೆಳು, ಆಸರೆಯ ಕೋಶಗಳಿಲ್ಲ, ಅಂಕುಡೊಂಕು. ಒಂದು ಮಳೆಗಾಲಕ್ಕೆ ಮೊದಲೇ ಮುಗಿಸಬೇಕೆಂದು ಎಬ್ಬಿಸಿದ ಕಾಲುವೆಯ ಏರಿಯಂತೆ ಅದು ಎಲ್ಲಿ ಬೇಕಾದರೂ ಒಡೆಯಬಹುದು.

ಅದೇ 1971ರ ಮಾರ್ಚ್. ನ್ಯೂಯಾರ್ಕಿನಲ್ಲಿ ರೇಮಂಡ್ ಡಮೇಡಿಯನ್, ಇಲಿಗಳ ಗಡ್ಡೆಯೂ ಆರೋಗ್ಯದ ಅಂಗಾಂಶವೂ ಕಾಂತಕ್ಷೇತ್ರದಲ್ಲಿ ಬೇರೆ ಬೇರೆ ರೀತಿ ಉತ್ತರ ಕೊಡುತ್ತವೆ ಎಂದು ತೋರಿಸಿದರು. ಸೆಪ್ಟೆಂಬರ್ 2, 1971. ಪಾಲ್ ಲಾಟರ್‌ಬರ್‌ಗೆ ಪಿಟ್ಸ್‌ಬರ್ಗ್ ಬಳಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ, ಆ ಉತ್ತರಗಳನ್ನು ಜೋಡಿಸಿ ಚಿತ್ರವನ್ನೇ ಬರೆಯಬಹುದಲ್ಲ ಎಂದು ಹೊಳೆಯಿತು. ಆ ಹೊಳಹಿನ ಹೆಸರೇ ಮುಂದೆ ಎಂಆರ್‌ಐ, 2003ರ ನೊಬೆಲ್.

ಅಕ್ಟೋಬರ್ 1, 1971. ಲಂಡನ್ನಿನ ವಿಂಬಲ್ಡನ್ ಬಡಾವಣೆಯ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆ. ಗ್ರಾಮಾಫೋನ್ ರೆಕಾರ್ಡುಗಳಿಗೆ ಹೆಸರಾದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ತಯಾರಿಸಿದ ಯಂತ್ರದಲ್ಲಿ ಪ್ರಪಂಚದ ಮೊದಲ ರೋಗಿಯ ಸಿಟಿ ಸ್ಕ್ಯಾನ್. ಒಬ್ಬ ಮಹಿಳೆ. ಅವರ ಮೆದುಳಿನ ಮುಂಭಾಗದಲ್ಲಿ ಗಡ್ಡೆಯಿದೆಯೆಂಬ ಅನುಮಾನ. ಬರಿಯ 80 ಅಡ್ಡ, 80 ಉದ್ದ ಚೌಕಗಳ ಒರಟು ಚಿತ್ರ, ಆದರೆ ಅದರಲ್ಲಿ ಗಡ್ಡೆ ಕಂಡೇಬಿಟ್ಟಿತು! ಅಲ್ಲಿಯವರೆಗೆ ಬುರುಡೆಯೊಳಗೆ ನೋಡಬೇಕೆಂದರೆ ಎಷ್ಟೋ ಸಲ ಬೆನ್ನುಹುರಿಯ ಹಾದಿಯಲ್ಲಿ ಗಾಳಿ ತುಂಬಿ ಎಕ್ಸ್-ರೇ ತೆಗೆಯುತ್ತಿದ್ದರು. ರೋಗಿ ತಲೆ ಸಿಡಿಯುವ ನೋವಿನಲ್ಲಿ ವಾಂತಿ ಮಾಡುತ್ತ ಮಲಗಿರಬೇಕಿತ್ತು. ಎಪ್ಪತ್ತು ದಾಟಿದ ಒಂದು ಜೀವಕ್ಕೆ ಅದು ಎಂಥ ಹಿಂಸೆಯಾಗಿದ್ದಿರಬೇಕು!

ಇಷ್ಟಾದರೂ ನನ್ನ ಮೈ ಜುಮ್ಮೆಂದದ್ದು ಲಂಡನ್ನಿಗೆ ಅಲ್ಲ, ಬೆಂಗಳೂರಿಗೆ.

1971ರ ಸೆಪ್ಟೆಂಬರಿನಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದೇ ಐದು ಪುಟಗಳ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ವಿಳಾಸ: ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು. ಟಾಟಾ ಅವರ ಕನಸಿಗೆ ಮೈಸೂರು ಸಂಸ್ಥಾನ ಸುಮಾರು 370 ಎಕರೆ ನೆಲ ಕೊಟ್ಟು 1909ರಲ್ಲಿ ಎದ್ದು ನಿಂತ ಅದೇ ಸಂಸ್ಥೆ, ಜನರ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್'. ರಾಮಚಂದ್ರನ್ 1942ರಲ್ಲಿ ಅಲ್ಲಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದವರು, ಸಿ.ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತವಿಜ್ಞಾನಕ್ಕೆ ಹೊರಳಿದವರು. ಚರ್ಮ, ಮೂಳೆಗಳಿಗೆ ಬಲ ಕೊಡುವ ಕೊಲಾಜನ್ ಮೂರೆಳೆಯ ಜಡೆ ಎಂದು ಮದ್ರಾಸಿನಲ್ಲಿ ಕಂಡುಹಿಡಿದು ಹೆಸರಾಗಿ, ಮತ್ತೆ ಬೆಂಗಳೂರಿಗೆ ಬಂದಿದ್ದರು.

ಆ ಐದು ಪುಟಗಳಲ್ಲಿ ಏನಿತ್ತು? ಬಾಯಿ ಮುಚ್ಚಿದ ಗಡಿಗೆಯೊಂದರಲ್ಲಿ ಅಡಿಕೆ, ಕಾಸು, ಗೋಲಿ ಇವೆ ಎಂದುಕೊಳ್ಳಿ. ಒಂದು ಕಡೆಯಿಂದ ಎಕ್ಸ್-ರೇ ಹಾಯಿಸಿದರೆ ಎಲ್ಲದರ ನೆರಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಸುತ್ತಲೂ ನೂರಾರು ಕೋನಗಳಿಂದ ನೆರಳು ಹಿಡಿದು, ಒಂದೊಂದನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದರೆ ಒಳಗಿರುವುದು ಮೂಡುತ್ತದೆ, ಆದರೆ ಮಂಜು ಕವಿದ ಚಾಮುಂಡಿ ಬೆಟ್ಟದ ಹಾಗೆ ಅಂಚೇ ಇಲ್ಲದೆ. ಆ ಮಂಜು ಕಳೆಯಲು ಆಗ ಇದ್ದ ದಾರಿ ಉದ್ದುದ್ದ ಗಣಿತದ್ದು, ಅಂದಿನ ಕಂಪ್ಯೂಟರುಗಳಿಗೆ ದೊಡ್ಡ ಹೊರೆ. ಪ್ರತಿ ನೆರಳನ್ನೂ ಹಿಂದಕ್ಕೆ ಬಳಿಯುವ ಮೊದಲೇ ಒಂದು ಜರಡಿ ಹಿಡಿಯಿರಿ, ಗುಣಿಸಿ ಕೂಡುವ ಸರಳ ಲೆಕ್ಕ ಸಾಕು, ಮಂಜು ತಾನಾಗಿ ಹರಿಯುತ್ತದೆ ಎಂದು ಇವರಿಬ್ಬರು ತೋರಿಸಿದರು. ರೇಡಿಯೊ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದೊಂದು ಉಪಾಯ ಹೂಡಿದ್ದರು; ಎಕ್ಸ್-ರೇ ನೆರಳುಗಳಿಗೆ ಅದನ್ನು ಒಗ್ಗಿಸಿ ಕೊಟ್ಟದ್ದು ಬೆಂಗಳೂರು.

ಹೌನ್ಸ್‌ಫೀಲ್ಡರ ಮೊದಲ ಯಂತ್ರ ಬೇರೆ ಲೆಕ್ಕದಿಂದ ನಡೆದಿತ್ತು. ಆದರೆ ಮುಂದೆ ಬಂದ ಯಂತ್ರಗಳು ದಶಕಗಳ ಕಾಲ ಓಡಿದ್ದು ಈ ಜರಡಿಯ ದಾರಿಯಲ್ಲಿ. ಇವತ್ತಿಗೂ ಜಗತ್ತಿನಾದ್ಯಂತ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು 'ರಾಮ್-ಲ್ಯಾಕ್ ಫಿಲ್ಟರ್' ಎಂದು ಓದುತ್ತಾರೆ. ರಾಮಚಂದ್ರನ್‌ರ ರಾಮ್, ಲಕ್ಷ್ಮೀನಾರಾಯಣನ್‌ರ ಲ್ಯಾಕ್! 1979ರಲ್ಲಿ ಸಿಟಿ ಸ್ಕ್ಯಾನಿಗೆ ನೊಬೆಲ್ ಬಂದಾಗ ಪಡೆದವರು ಹೌನ್ಸ್‌ಫೀಲ್ಡ್ ಮತ್ತು ಆಲನ್ ಕಾರ್ಮ್ಯಾಕ್. ಬೆಂಗಳೂರಿನ ಹೆಸರು ಅಲ್ಲಿ ಬರಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಾದರೂ ಅದು ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ರಾಮಚಂದ್ರನ್ 2001ರಲ್ಲಿ ತೀರಿಕೊಂಡರು.

ದೊಡ್ಡಮ್ಮ ಬಿದ್ದ ದಿನ ಅರ್ಧ ಗಂಟೆಯಲ್ಲಿ ಬಂದ ಆ ಸಿಟಿ ಚಿತ್ರದ ಹಿಂದೆ ಇಷ್ಟೆಲ್ಲ ಇತ್ತು. ಅದರಲ್ಲಿ ರಕ್ತ ಬೆಳ್ಳಗೆ ಕಂಡದ್ದು ಅದರ ದಟ್ಟ ಪ್ರೋಟೀನಿನಿಂದ. ಹೌನ್ಸ್‌ಫೀಲ್ಡರ ಅಳತೆಗೋಲಿನಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000, ಆಗತಾನೆ ಹೆಪ್ಪುಗಟ್ಟಿದ ರಕ್ತ 60ರಿಂದ 80ರ ಆಸುಪಾಸು, ಸುತ್ತಲಿನ ಮೆದುಳು ಅದರ ಅರ್ಧದಷ್ಟು. ಆ ಬಿಳುಪೇ ತೊಡಕು ಕೂಡ. ಹೊಸ ರಕ್ತ ಪರದೆಯ ಹಾಗೆ ಹರಡಿಕೊಂಡಾಗ ಹಿಂದೆ ಕೂತ ಪುಟ್ಟ ಗಡ್ಡೆ ಕಾಣುವುದೇ ಇಲ್ಲ. ಪರದೆ ಕರಗಲು ವಾರಗಳು ಬೇಕು. ಆರು ವಾರ ಬಿಟ್ಟು ಬನ್ನಿ ಎಂದು ಆ ಡಾಕ್ಟರು ಬರೆದದ್ದು ಅದಕ್ಕೇ!

ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಓದುವವರು ಗಾಬರಿಯಾಗಬಾರದು. ವಯಸ್ಸಾದವರ ಮೆದುಳಿನಲ್ಲಿ ರಕ್ತ ಸೋರಿದರೆ ಬಹುಪಾಲು ಕಾರಣ ಬಿ.ಪಿ.ಯೇ. ಅದು ಸೋರುವುದು ಹೆಚ್ಚಾಗಿ ಮೆದುಳಿನ ಆಳದ ಗಂಟುಗಳಲ್ಲಿ. ಹೊರಮೈಗೆ ಹತ್ತಿರ ಸೋರಿದರೆ, ಅಮಿಲಾಯ್ಡ್ ಎಂಬ ಪ್ರೋಟೀನು ಅಂಟಿ ನಾಳಗಳು ಪೆಡಸಾಗಿರುವುದು ಇನ್ನೊಂದು ಕಾರಣ. ರಕ್ತ ತೆಳುವಾಗಿಸುವ ಮಾತ್ರೆಗಳೂ ಸೇರಿಕೊಳ್ಳಬಹುದು. ಗಡ್ಡೆಯಿಂದ ಆಗುವುದು ನೂರರಲ್ಲಿ ಹತ್ತಕ್ಕಿಂತ ಕಡಿಮೆ. ಆದರೆ ಆ ಕೆಲವರಲ್ಲಿ ಕಾಣಸಿಗುವ ಗಡ್ಡೆಗಳ ಜಗತ್ತು ಎಷ್ಟು ವಿಚಿತ್ರ, ಎಷ್ಟು ವಿಸ್ಮಯ!

ಕಿರುಮೆದುಳಿನಲ್ಲಿ ಬೆಳೆಯುವ ಹಿಮಾಂಜಿಯೋಬ್ಲಾಸ್ಟೋಮ ಎಂಬುದೊಂದಿದೆ, ಅದು ರಕ್ತನಾಳಗಳದೇ ಉಂಡೆ. ಅದು ಕೆಲವೊಮ್ಮೆ ಎಲುಬಿನ ಮಜ್ಜೆಗೆ ಹೆಚ್ಚು ಕೆಂಪುಕಣ ತಯಾರಿಸು ಎಂದು ಹೇಳುವ ಹಾರ್ಮೋನನ್ನೂ ಸುರಿಸುತ್ತದೆ, ಇಡೀ ಮೈಯ ರಕ್ತ ಗಟ್ಟಿಯಾಗುತ್ತದೆ. ಮಕ್ಕಳ ಗಡ್ಡೆ ಎಂದೇ ಹೆಸರಾದ ಪೈಲೋಸಿಟಿಕ್ ಆಸ್ಟ್ರೋಸೈಟೋಮ ಅಪರೂಪಕ್ಕೆ ಅಜ್ಜ ಅಜ್ಜಿಯರಲ್ಲಿ ಸಿಗುತ್ತದೆ, ಅದರಲ್ಲೂ ಅಪರೂಪಕ್ಕೆ ಸೋರಿ ತನ್ನನ್ನು ತೋರಿಸಿಕೊಳ್ಳುತ್ತದೆ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ ಸಾಧು ಸ್ವಭಾವದ್ದು, ಸೋರುವುದು ತೀರ ಕಡಿಮೆ. ಸೋರಿದರೂ ತೆಗೆದುಹಾಕಿದರೆ ಎಷ್ಟೋ ಜನ ಗುಣವಾಗಿ ಬದುಕುತ್ತಾರೆ. ಚರ್ಮದ ಮೆಲನೋಮ ಮೆದುಳಿಗೆ ಹರಡಿದಾಗ ಅದರ ಕಪ್ಪು ಬಣ್ಣವೇ ಎಂಆರ್‌ಐನಲ್ಲಿ ಬೆಳ್ಳಗೆ ಬೆಳಗುತ್ತದೆ. ಮೈಮೇಲೆ ಕಪ್ಪು, ಕಾಂತದ ಮುಂದೆ ಬಿಳಿ!

ಪಿಟ್ಯುಟರಿಯದನ್ನು ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಜೀವ ಉಳಿಯುತ್ತದೆ. ಮೂಗಿನ ಹಿಂದೆ, ಕುದುರೆಯ ಜೀನಿನ ಆಕಾರದ ಮೂಳೆಯ ಮೇಲೆ ಕಡಲೆಕಾಳಿನಷ್ಟು ಗ್ರಂಥಿ. ಅದರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತ ಸಾಧು ಗಡ್ಡೆಯೊಳಗೆ ಒಂದು ದಿನ ರಕ್ತ ನುಗ್ಗುತ್ತದೆ. ಹಿಂದೆಂದೂ ಕಾಣದ ತಲೆನೋವು ಸಿಡಿಲಿನಂತೆ ಬಡಿಯುತ್ತದೆ, ಎರಡೂ ಕಣ್ಣಿನ ಪಕ್ಕದ ನೋಟ ಮುಚ್ಚುತ್ತದೆ ಅಥವಾ ಒಂದು ವಸ್ತು ಎರಡಾಗಿ ಕಾಣುತ್ತದೆ. ದೇಹದ ಸ್ಟಿರಾಯ್ಡ್ ಹಾರ್ಮೋನು ಕುಸಿದು ಬಿ.ಪಿ. ಬೀಳುತ್ತದೆ. ಪಿಟ್ಯುಟರಿ ಅಪೊಪ್ಲೆಕ್ಸಿ ಎಂಬ ಈ ಹೆಸರು ಬಂದದ್ದು 1950ರಲ್ಲಿ. ಸಮಯಕ್ಕೆ ಗೊತ್ತಾದರೆ ಒಂದು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ನು ಜೀವ ಹಿಡಿದು ನಿಲ್ಲಿಸುತ್ತದೆ. ಬೇಕಾದರೆ ಮೂಗಿನ ದಾರಿಯಲ್ಲೇ ಆಪರೇಷನ್ನು, ಎಷ್ಟೋ ಸಲ ನೋಟವೂ ಮರಳುತ್ತದೆ. ಅಜ್ಜಿಗೆ ಮೈಗ್ರೇನು, ಕಣ್ಣಿಗೆ ಪೊರೆ ಬಂದಿರಬೇಕು ಎಂದು ಆ ಗಂಟೆಗಳನ್ನು ಕಳೆಯುವುದೇ ಅಪಾಯ.

ವಯಸ್ಸಾದವರಲ್ಲಿ ಗಡ್ಡೆ ಇಷ್ಟು ದಿನ ಅಡಗಿ ಕೂರುವುದು ಹೇಗೆ? ಇದೂ ಒಂದು ಸೋಜಿಗ. ಮೆದುಳಿಗೆ ತನ್ನದೇ ನೋವಿನ ಅರಿವಿಲ್ಲ. ವಯಸ್ಸಾದಂತೆ ಮೆದುಳು ತುಸು ಕುಗ್ಗುತ್ತದೆ, ಬುರುಡೆಗೂ ಅದಕ್ಕೂ ನಡುವೆ ಜಾಗ ಹೆಚ್ಚುತ್ತದೆ. ಆ ಜಾಗದಲ್ಲಿ ಗಡ್ಡೆ ತಲೆನೋವನ್ನೂ ತರದೆ ಬೆಳೆಯಬಹುದು. ಕಾಣುವುದೇನಿದ್ದರೂ ಸಣ್ಣ ಮರೆವು, ಮಂಕು, ಸಿಡಿಮಿಡಿ. ಅದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ತಲೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಮೈಸೂರಿನವರ ತಲೆಯ ಅಳತೆಯ ಬಗ್ಗೆ ಜಗತ್ತಿಗೆ ಗೊತ್ತಿರುವ ಒಂದು ಸಂಗತಿ ನಮಗೇ ಹೆಚ್ಚು ಗೊತ್ತಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಎಲ್ಲರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದೆ. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಆ ಸುತ್ತಮುತ್ತಲೇ ಬದುಕುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ನಾಳಗಳ ಕಾಯಿಲೆ ಹೆಚ್ಚು ಎಂದು 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬಂತು. ಆಮೇಲೆ ಅದೇ ದಾಖಲೆಗಳ ಜಾಡು ಹಿಡಿದು ವೃದ್ಧರ ನೆನಪು, ಆಲೋಚನೆಗಳ ಅಧ್ಯಯನವೂ ಇದೇ ಊರಿನಲ್ಲಿ ನಡೆದಿದೆ. ನಮ್ಮ ದೊಡ್ಡಮ್ಮ ಹುಟ್ಟಿದ್ದೂ ಮಿಷನ್ ಆಸ್ಪತ್ರೆಯಲ್ಲೇ. ನರ್ಸಮ್ಮನೊಬ್ಬರು ಟೇಪು ಸುತ್ತಿ ಅಳೆದ ಆ ಪುಟ್ಟ ತಲೆಯೇ ಎಪ್ಪತ್ತೊಂದು ವರ್ಷಗಳ ಮೇಲೆ ಕಾಂತದ ಸುರಂಗದೊಳಗೆ ಮಲಗಿತ್ತು!

ಈಗ ಆ ಒಳಕೋಣೆಗೆ ಮರಳುತ್ತೇನೆ. ಡಾಕ್ಟರು ಮತ್ತೆ ಕೇಳಿದರು: "ಅಮ್ಮನಿಗೆ ಮೊದಲು ಯಾವುದಾದರೂ ದೊಡ್ಡ ಆಪರೇಷನ್ ಆಗಿತ್ತಾ?"

ಆಗಿತ್ತು. ಹದಿಮೂರು ವರ್ಷದ ಹಿಂದೆ ಒಂದು ಕಿಡ್ನಿ ತೆಗೆಸಿದ್ದರು. ಕಲ್ಲಾಗಿತ್ತು ಎಂದೇ ನಮಗೆಲ್ಲ ಗೊತ್ತಿದ್ದದ್ದು, ಹಾಗೆಂದೇ ಆಸ್ಪತ್ರೆಯ ಕಾಗದದಲ್ಲೂ ಬರೆಸಿದ್ದೆವು. ಹೊರಗೆ ಬೆಂಚಿನ ಮೇಲೆ ಕೂತಿದ್ದ ದೊಡ್ಡಪ್ಪನನ್ನು ಕರೆದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಕಲ್ಲಲ್ಲಪ್ಪ, ಅದು... ಆ ಕಾಯಿಲೆ" ಎಂದರು. ಕ್ಯಾನ್ಸರ್ ಎಂಬ ಪದ ಆಗಲೂ ಅವರ ಬಾಯಿಗೆ ಬರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು, ಹೆಸರೆತ್ತಬಾರದು ಎಂದು ಹಿರಿಯರು ಮಾತಾಡಿಕೊಂಡಿದ್ದರಂತೆ.

ಕಿಡ್ನಿಯ ಕ್ಯಾನ್ಸರಿಗೆ ಹತ್ತು, ಹದಿನೈದು ವರ್ಷ ಕಳೆದ ಮೇಲೂ ಮರಳಿ ಬರುವ ಗುಣವಿದೆ. ಅದರ ಕೋಶಗಳಲ್ಲಿ ಬಹುಮಟ್ಟಿಗೆ ವಿಎಚ್ಎಲ್ ಎಂಬ ಜೀನು ಕೆಟ್ಟಿರುತ್ತದೆ. ಅದು ಕೆಟ್ಟರೆ, ರಕ್ತನಾಳಗಳನ್ನು ಕರೆಯುವ ಆ ವಿಇಜಿಎಫ್ ಎಡೆಬಿಡದೆ ಸುರಿಯುತ್ತದೆ. ಹಿಮಾಂಜಿಯೋಬ್ಲಾಸ್ಟೋಮದ ಬೇರಿನಲ್ಲೂ ಇರುವುದು ಇದೇ ಜೀನು! ಮೆದುಳಿಗೆ ಹರಡುವ ಗಡ್ಡೆಗಳಲ್ಲಿ ಕಿಡ್ನಿ, ಥೈರಾಯ್ಡ್, ಮೆಲನೋಮ ಇವುಗಳಿಂದ ಬಂದವು ಸೋರುವುದರಲ್ಲಿ ಮುಂದು. ಫೋಕ್ಮನ್ ಹೇಳಿದ ಅವಸರದ ನಾಳಗಳು ದೊಡ್ಡಮ್ಮನ ತಲೆಯಲ್ಲಿ ಮೂರು ಸಲ ಒಡೆದಿದ್ದವು. ಮನೆಯವರು ಮುಚ್ಚಿಟ್ಟದ್ದನ್ನು ರಕ್ತ ಮುಚ್ಚಿಡಲಿಲ್ಲ, ತಾರೀಖು ಹಾಕಿ ಬರೆದಿತ್ತು.

ಒಂದೇ ಗಡ್ಡೆ, ಕೈಗೆಟಕುವ ಜಾಗ. ತೆಗೆದರು. ಅದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಕಿಡ್ನಿಯದೇ ಎಂದು ಬರೆದುಕೊಟ್ಟರು. ಉಳಿದ ಜಾಗಕ್ಕೆ ಗುರಿಯಿಟ್ಟು ರೇಡಿಯೇಷನ್ ಕೊಟ್ಟರು. ಕೈ ಬೇಗ ಬಂತು, ಮಾತು ಬರಲು ತಡವಾಯಿತು. 1965ರಲ್ಲಿ ಶುರುವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತಿಂಗಳುಗಟ್ಟಲೆ ಕರೆದೊಯ್ದೆವು. ಮೆದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡವರನ್ನು ಕನ್ನಡದಲ್ಲೇ ಪರೀಕ್ಷಿಸಿ, ಕನ್ನಡದಲ್ಲೇ ಮತ್ತೆ ಮಾತು ಕಲಿಸುವ ಜಾಗ ನಮ್ಮ ಊರಿನಲ್ಲೇ ಇದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಬೀಗದ ಕೈಯ ಚಿತ್ರ ತೋರಿಸಿದರೆ ದೊಡ್ಡಮ್ಮ ಸೆರಗಿನ ತುದಿ ಮುಟ್ಟಿ ತೋರಿಸುತ್ತಿದ್ದರು. ಅದರ ಕೆಲಸ ಗೊತ್ತು, ಹೆಸರು ಮಾತ್ರ ಇಲ್ಲ. ಒಂದು ಮಧ್ಯಾಹ್ನ, ಕುಕ್ಕರಹಳ್ಳಿ ಕೆರೆಯ ಏರಿಯ ಪಕ್ಕ ಆಟೋದಲ್ಲಿ ವಾಪಸು ಬರುವಾಗ, ಯಾರೂ ಕೇಳದೆ "ಬೀಗದ ಕೈ" ಎಂದರು. ಮನೆ ಮುಟ್ಟುವವರೆಗೂ ಅದನ್ನೇ ಹೇಳುತ್ತ ಬಂದರು.

ಆಮೇಲೆ ಎರಡು ದಸರಾ ಕಂಡರು. ಮೂರನೆಯದಕ್ಕೆ ಇರಲಿಲ್ಲ.

ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮೆದುಳಿನ ಸಂಗ್ರಹಾಲಯವನ್ನು ಒಮ್ಮೆ ನೋಡಿ. 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಅಲ್ಲಿ ಮೆದುಳಿನ ಬ್ಯಾಂಕು ಶುರುವಾಯಿತು. ಮರಣಾನಂತರ ಕುಟುಂಬದವರು ಒಪ್ಪಿ ಕೊಟ್ಟ ಮೆದುಳುಗಳು ಗಾಜಿನ ಜಾಡಿಗಳಲ್ಲಿವೆ; ರಕ್ತ ಸೋರಿದವು, ಗಡ್ಡೆ ಬೆಳೆದವು ಎಲ್ಲವೂ. ನೋಡಬಂದವರ ಕೈಗೆ ನಿಜವಾದ ಮೆದುಳೊಂದನ್ನು ಕೊಡುತ್ತಾರೆ. ಹೆಚ್ಚು ಕಡಿಮೆ ಒಂದೂಕಾಲು ಕಿಲೋ. ಅದನ್ನು ಹಿಡಿದಾಗ ನನ್ನ ಕೈ ನಡುಗಿತು.

ನಿಮ್ಮ ಮನೆಯ ಹಿರಿಯರು ಇದ್ದಕ್ಕಿದ್ದಂತೆ ಕುಸಿದರೆ, ಮಾತು ತೊದಲಿದರೆ, ಹಿಂದೆಂದೂ ಬಾರದ ತಲೆನೋವು ಬಂದರೆ, ಕೂಡಲೇ 108ಕ್ಕೆ ಫೋನ್ ಮಾಡಿ. ಡಾಕ್ಟರು ಕೆಲವು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್ ಎಂದರೆ, ಗುಣವಾಯಿತಲ್ಲ ಎಂದು ತಪ್ಪಿಸಬೇಡಿ. ಹಳೆಯ ಫಿಲಮ್ಮುಗಳನ್ನು ಎಸೆಯಬೇಡಿ, ಅಟ್ಟದ ಮೇಲಿದ್ದರೆ ಇಳಿಸಿ ಜೊತೆಗೆ ಒಯ್ಯಿರಿ. ಹಿಂದೆ ಆದ ಕಾಯಿಲೆ ಏನೆಂದು ಡಾಕ್ಟರು ಕೇಳಿದಾಗ, ದಯವಿಟ್ಟು ಅದರ ಹೆಸರು ಹೇಳಿ.